ಮನೆಗೆ ನಾನು ಬರೆದ ಇಂಗ್ಲಿಷ್ ಶಬ್ದ

ಮದುವೆಯಾದ ಎಂಟೇ ತಿಂಗಳಿಗೆ ನನ್ನ ಗಂಡ ಕಾಮಾಲೆಯಿಂದ ತೀರಿಕೊಂಡರು. ಅವರ ದಿನಕರ್ಮ ಮುಗಿದ ಮೇಲೆ ಅಣ್ಣ ಮುಧೋಳದ ನನ್ನ ಗಂಡನ ಮನೆಗೆ ಬಂದು ನನ್ನನ್ನು ಬನಹಟ್ಟಿಯ ತವರಿಗೆ ಕರೆದುಕೊಂಡು ಹೋದ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನನಗೆ ಇಪ್ಪತ್ತಮೂರು ವರ್ಷ. ನಾನು ಅತ್ತಿರಲಿಲ್ಲ. ಗಟ್ಟಿ ಹೆಣ್ಣು ಅಂದರು ಕೆಲವರು, ಕಲ್ಲು ಹೆಣ್ಣು ಅಂದರು ಕೆಲವರು. ನನಗೆ ಎರಡೂ ಒಂದೇ ಆಗಿ ಕೇಳುತ್ತಿದ್ದವು.

ನಮ್ಮದು ನೇಕಾರರ ಮನೆ. ಹಿಂದಿನ ಪಡಸಾಲೆಯಲ್ಲಿ ನಾಲ್ಕು ಪವರ್‌ಲೂಮ್ ಓಡುತ್ತಿದ್ದವು. ಅವು ಓಡುವಾಗ ಪಕ್ಕದಲ್ಲಿ ಕೂತವರ ಮಾತೂ ಕೇಳುವುದಿಲ್ಲ. ಆ ಗದ್ದಲದಲ್ಲಿ ಯಾರಿಗೂ ಉತ್ತರ ಕೊಡಬೇಕಿರಲಿಲ್ಲ, ಹಾಗಾಗಿ ದಿನವಿಡೀ ಅಲ್ಲೇ ಕೂತಿರುತ್ತಿದ್ದೆ. ಅವ್ವ ಕಂಡಿಕೆಗೆ ನೂಲು ಸುತ್ತುತ್ತ ನನ್ನ ಮುಖವನ್ನೇ ನೋಡುತ್ತಿದ್ದಳು.

ಒಂದು ದಿನ ಊಟಕ್ಕೆ ಮಗ್ಗ ನಿಲ್ಲಿಸಿದಾಗ ಅಣ್ಣ ಹೇಳಿದ: "ತಂಗಿ, ಬಿ.ಎ. ಮಾಡೀದಿ, ಟೈಪಿಂಗ್ ಕಲ್ತೀದಿ. ಹಿಂಗ ಕುಂತ್ರ ಹುಚ್ಚ ಹಿಡೀತೈತಿ. ಜಮಖಂಡ್ಯಾಗ ಒಬ್ರು ವಕೀಲರಿಗೆ ಟೈಪ್ ಮಾಡಾವ್ರು ಬೇಕಾಗ್ಯಾರಂತ. ಹೋಗಿ ಬಾ."

ಹೋದೆ. ಬೇಡ ಅನ್ನಲು ಬೇಕಾದಷ್ಟು ಮನಸ್ಸೂ ನನ್ನಲ್ಲಿರಲಿಲ್ಲ.

ವಕೀಲರು ಅರವತ್ತು ದಾಟಿದವರು, ಒಳ್ಳೆಯವರು. ಅವರ ಕಚೇರಿಯ ಕಟ್ಟೆಯ ಮೇಲೆ ದಿನವೂ ಮುಳುಗಡೆಯ ಊರುಗಳ ಜನ ಕೂತಿರುತ್ತಿದ್ದರು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಏರುತ್ತಿತ್ತು. ಯಾರದೋ ಹೆಸರು ಪರಿಹಾರದ ಪಟ್ಟಿಯಲ್ಲಿ ಬಿಟ್ಟುಹೋಗಿರುತ್ತಿತ್ತು, ಯಾರದೋ ಸರ್ವೆ ನಂಬರು ತಪ್ಪಿರುತ್ತಿತ್ತು. ಅರ್ಜಿ ಇಂಗ್ಲಿಷಿನಲ್ಲಿದ್ದರೆ ಮೇಲಿನವರು ಓದುತ್ತಾರೆ, ಅಪರೂಪದ ಶಬ್ದಗಳಿದ್ದರೆ ಎರಡು ಸಲ ಓದುತ್ತಾರೆ ಎಂಬುದು ವಕೀಲರ ನಂಬಿಕೆ.

ಮೊದಲ ವಾರವೇ ರಟ್ಟು ಹರಿದ ಒಂದು ಇಂಗ್ಲಿಷ್ ನಿಘಂಟನ್ನು ನನ್ನ ಮೇಜಿನ ಮೇಲಿಟ್ಟು, "ದಿನಾ ಹತ್ತು ಶಬ್ದ ಬಾಯಿಪಾಠ ಮಾಡವಾ. ಎಲ್ಲಾರೂ ಬಳಸೂ ಶಬ್ದ ಬ್ಯಾಡ. ಯಾರಿಗೂ ಗೊತ್ತಿಲ್ಲದ್ದ ಹುಡುಕು. ನಿನ್ನ ಬರವಣಿಗಿ ಹೆಂಗ ಬದಲಾಗ್ತದ ನೋಡು" ಅಂದರು.

ಬನಹಟ್ಟಿಯಿಂದ ಜಮಖಂಡಿಗೆ ಹೋಗುವ ಬಸ್ಸಿನಲ್ಲಿ ಐದು, ಬರುವಾಗ ಐದು ಕಲಿತೆ. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳುವ ದಿನಗಳಲ್ಲಿ ಹದಿನೈದೂ ಆಗುತ್ತಿತ್ತು. ಇನ್ನೂರು ಪುಟದ ನೋಟುಬುಕ್ಕು ಆರು ತಿಂಗಳಲ್ಲಿ ತುಂಬಿತು. 'ಲ್ಯಾಕ್ರಿಮೋಸ್', ಕಣ್ಣೀರು ತುಂಬಿದ್ದು. 'ಡೆಸಲೆಟ್', ಯಾರೂ ಇಲ್ಲದೆ ಹಾಳು ಬಿದ್ದದ್ದು. 'ಬರೆಫ್ಟ್', ತನ್ನವರನ್ನು ಕಳೆದುಕೊಂಡವರು. ಚೆಂದದ ಅಕ್ಷರದಲ್ಲಿ ಬರೆದು ಕೆಳಗೆ ಗೆರೆ ಎಳೆಯುತ್ತಿದ್ದೆ. ಅರ್ಥ ತಿಳಿಯುತ್ತಿತ್ತು. ಅನಿಸುವುದು ಮಾತ್ರ ಏನೂ ಇರಲಿಲ್ಲ. ಒಳಗೆ ಬೇರೇನೂ ಇರಲಿಲ್ಲವಾದ್ದರಿಂದಲೋ ಏನೋ, ಕಲಿತ ಒಂದು ಶಬ್ದವೂ ಮರೆಯುತ್ತಿರಲಿಲ್ಲ.

ಎರಡನೆಯ ವರ್ಷ ಅರ್ಜಿಗಳನ್ನು ನಾನೇ ಬರೆಯತೊಡಗಿದೆ. ವಕೀಲರು ಓದಿ, "ಭಾಳ ಛಲೋ ಬರದಿ" ಅಂದು ಸಹಿ ಹಾಕುತ್ತಿದ್ದರು.

ಆಗ ಬೀಳಗಿ ಕಡೆಯ ಹೊಳೆದಂಡೆಯ ಹಳ್ಳಿಯಿಂದ ಒಬ್ಬ ಮುದುಕಿ ಬಂದಳು. ಕುರಿ ಕಾಯುವ ಮನೆತನ, ಹಣೆಗೆ ಬೀರೇಶ್ವರನ ಭಂಡಾರದ ಅರಿಶಿನ, ಹೆಗಲ ಮೇಲೆ ಕಂಬಳಿ. ಗಂಡ ಸತ್ತು ಬಹಳ ವರ್ಷವಾಗಿತ್ತು. ಸರ್ವೆಯವರು ಬಂದಾಗ ಇವಳು ಕುರಿ ಹೊಡೆದುಕೊಂಡು ಸಾವಳಗಿ ಕಡೆ ಹೋಗಿದ್ದಳು. ಬಾಗಿಲು ಹಾಕಿತ್ತು, ಅಂಗಳದಲ್ಲಿ ಕುರಿಹಿಕ್ಕೆ ಇತ್ತು. ಅವರು 'ಕುರಿದೊಡ್ಡಿ' ಎಂದು ಬರೆದುಕೊಂಡು ಹೋಗಿದ್ದರು. ದೊಡ್ಡಿಗೆ ಪುನರ್ವಸತಿ ಕೇಂದ್ರದಲ್ಲಿ ಜಾಗ ಕೊಡುವುದಿಲ್ಲ.

"ಅದು ಮನಿ ಅಂತ ಬರದು ಕೊಡವ್ವಾ. ಅಷ್ಟ ಸಾಕು" ಅಂದಳು.

ನಾನು ಇಂಗ್ಲಿಷಿನಲ್ಲಿ ಒಂದೂವರೆ ಪುಟ ಬರೆದೆ. ಮನೆಗೆ 'ಹೌಸ್' ಅಂತ ಬರೆಯಲು ಕೈ ಹೋಗಲಿಲ್ಲ. ಅದು ಶಾಲೆಯ ಮಕ್ಕಳ ಶಬ್ದ. ನೋಟುಬುಕ್ಕಿನಲ್ಲಿ 'ಹಾವೆಲ್' ಇತ್ತು. ಬಡವರ ಚಿಕ್ಕ ಮನೆ ಎಂದು ಅರ್ಥ ಬರೆದುಕೊಂಡಿದ್ದೆ. ಓದಿದವರ ಕರುಳು ಕರಗಲಿ ಎಂದು ಅದನ್ನೇ ಮೂರು ಕಡೆ ಹಾಕಿದೆ.

ವಿಚಾರಣೆಯ ದಿನ ವಕೀಲರಿಗೆ ಕೋರ್ಟಿನಲ್ಲಿ ಬೇರೆ ಕೆಲಸವಿತ್ತು. ಮುದುಕಿಯ ಜೊತೆ ಪುನರ್ವಸತಿ ಕಚೇರಿಗೆ ನಾನು ಹೋದೆ. ಅಲ್ಲಿನ ಸಾಹೇಬರು ಅರ್ಜಿ ಓದಿದರು, ಕಪಾಟಿನಿಂದ ನಿಘಂಟು ತರಿಸಿ ಹಾಳೆ ತಿರುವಿದರು. ಆಮೇಲೆ ಪುಸ್ತಕವನ್ನು ನನ್ನ ಕಡೆ ತಿರುಗಿಸಿ ಬೆರಳಿಟ್ಟು ತೋರಿಸಿದರು. ಮೊದಲ ಅರ್ಥ ನಾನು ಬರೆದುಕೊಂಡದ್ದೇ. ಅದರ ಕೆಳಗೆ ಎರಡನೆಯದು: ದನಕರು ಕಟ್ಟುವ ತೆರೆದ ಗುಡಿಸಲು.

"ದೊಡ್ಡಿ ಅಂತ ನೀವ ಬರದೀರಲ್ರೀ. ನಾವು ಬರದಿದ್ದೂ ಅದನ್ನ" ಅಂದರು. ಅವರ ದನಿಯಲ್ಲಿ ಕುಹಕವೇನೂ ಇರಲಿಲ್ಲ. ಅರ್ಜಿ ತಿರಸ್ಕಾರವಾಯಿತು.

ಹೊರಗೆ ಬೇವಿನ ಗಿಡದ ಕೆಳಗೆ ಮುದುಕಿಗೆ ಎಲ್ಲವನ್ನೂ ಹೇಳಿದೆ. ನಾನು ಬರೆದ ಶಬ್ದಕ್ಕೆ ಎರಡು ಅರ್ಥ, ಒಂದನ್ನೇ ನೋಡಿದ್ದೆ ಅಂದೆ.

ಅವಳು ನನ್ನ ಕೈಯಲ್ಲಿದ್ದ ಕಾಗದವನ್ನು ನೋಡಿದಳು. "ಮನಿ ಅನ್ನಾಕ ಇಂಗ್ಲಿಷಿನ್ಯಾಗ ಶಬ್ದನ ಇಲ್ಲೇನ ತಂಗಿ?"

"ಐತಿ, ಆಯಿ."

"ಮತ್ತ ಅದನ್ಯಾಕ ಬರೀಲಿಲ್ಲ?"

ನನಗೆ ನಾಚಿಕೆಯಾಗಬೇಕಿತ್ತು. ಆಗಬೇಕು ಎಂಬುದಷ್ಟೇ ಗೊತ್ತಾಗುತ್ತಿತ್ತು.

ಮರುದಿನ ಕಚೇರಿಗೆ ರಜೆ ಹಾಕಿ ಅವಳ ಹಳ್ಳಿಗೆ ಹೋದೆ. ಅರ್ಧ ಊರು ಆಗಲೇ ಖಾಲಿಯಾಗಿತ್ತು. ಜನ ಬಾಗಿಲು, ಚೌಕಟ್ಟು, ತೊಲೆಗಳನ್ನು ಕಿತ್ತು ಟ್ರ್ಯಾಕ್ಟರಿಗೆ ಹೇರುತ್ತಿದ್ದರು. ಅವಳದು ಎರಡು ಅಂಕಣದ ಮಣ್ಣಿನ ಮನೆ. ಜೋಡಿ ಒಲೆ, ನೆಲದಲ್ಲಿ ಹುಗಿದ ಒರಳು, ದೇವರ ಗೂಡು. ಮೇಲೆ ತೊಲೆಗೆ ಬಡಿದ ಎರಡು ಕಬ್ಬಿಣದ ಬಳೆಗಳು.

"ಅವು ಯಾಕ ಆಯಿ?"

"ತೊಟ್ಲಾ ಕಟ್ಟಾಕ. ಮಗಳನ್ನ ಅಲ್ಲೇ ತೂಗಿನಿ." ಆಮೇಲೆ ಒಲೆಯ ಪಕ್ಕದ ಗೋಡೆ ತೋರಿಸಿದಳು. "ನಮ್ಮವರು ಅಲ್ಲೇ ಮಲಗಿದ್ರು. ಅಲ್ಲೇ ಹೋದ್ರು." ಹಾಗೆಂದವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಒಂದೊಂದನ್ನೂ ಹಾಳೆಯಲ್ಲಿ ಬರೆದುಕೊಳ್ಳುತ್ತಿದ್ದೆ. ಅವಳು ನನ್ನ ಬರಿ ಹಣೆ, ಬರಿಗೈ ನೋಡಿದಳು.

"ನಿನ್ನ ಗಂಡನೂ ಹೋಗ್ಯಾನೇನ?"

"ಹೌದು, ಆಯಿ. ಎರಡು ವರ್ಷಾತು."

"ಅತ್ತೀಯಿಲ್ಲೋ?"

"ಬರಲಿಲ್ಲ."

"ಬರದಿದ್ರ ಬಿಡು. ಒತ್ತಾಯ ಮಾಡಬ್ಯಾಡ" ಅಂದು ಚಹಾಕ್ಕೆ ಒಲೆ ಹೊತ್ತಿಸಿದಳು. ಅಲ್ಲಿಯವರೆಗೆ ಯಾರೂ ನನಗೆ ಹಾಗೆ ಹೇಳಿರಲಿಲ್ಲ.

ಹೊಸ ಅರ್ಜಿಯನ್ನು ಕನ್ನಡದಲ್ಲಿ ಬರೆದೆ. ಒಂದೇ ಪುಟ. ಇದು ಮನೆ. ಇದರಲ್ಲಿ ಒಲೆ ಇದೆ, ಒರಳು ಇದೆ, ತೊಲೆಗೆ ತೊಟ್ಟಿಲ ಬಳೆಗಳಿವೆ, ದೊಡ್ಡಿಯಲ್ಲಿ ಯಾರೂ ತೊಟ್ಟಿಲು ಕಟ್ಟುವುದಿಲ್ಲ, ಬಂದು ನೋಡಬೇಕು. ಹಿಂದಿನ ಅರ್ಜಿಯ ಶಬ್ದ ಅರ್ಜಿದಾರಳದಲ್ಲ, ಅರ್ಥ ಪೂರ್ತಿ ನೋಡದೆ ನಾನು ಹಾಕಿದ್ದು ಎಂದು ಕೊನೆಗೆ ಸೇರಿಸಿದೆ.

ವಕೀಲರು ಓದಿ ಕನ್ನಡಕ ತೆಗೆದರು. "ಟೈಪಿಂಗ್ ತಪ್ಪಾಗೇತಿ ಅಂತ ಬರದುಬಿಡು. ಕಚೇರಿ ಮರ್ಯಾದಿ ಉಳೀತೈತಿ."

"ಟೈಪಿಂಗ್ ತಪ್ಪಲ್ಲರಿ ಅದು. ನಾನ ಆರಿಸಿ ಹಾಕಿದ್ದೆ."

ಅವರು ಕನ್ನಡಕ ಮತ್ತೆ ಹಾಕಿಕೊಂಡು, "ಶಬ್ದಾ ಹುಡುಕು ಅಂದಾಂವ ನಾನ" ಅಂದು, ನನ್ನ ಸಹಿಯ ಕೆಳಗೆ ತಮ್ಮದನ್ನೂ ಹಾಕಿದರು.

ಸಾಹೇಬರು ತಾವೇ ಹೋಗಿ ನೋಡಿ ಬಂದರು. ಆದರೆ ಕಾಗದ ಮೇಲೆ ಹೋಗಿ ಕೆಳಗೆ ಬರುವಷ್ಟರಲ್ಲಿ ಮಳೆಗಾಲ ಬಂದು ನೀರು ಊರೊಳಗೆ ನುಗ್ಗಿತ್ತು. ಮುದುಕಿ ಕುರಿ ಹೊಡೆದುಕೊಂಡು ಮಹಾಲಿಂಗಪುರದ ಹತ್ತಿರ ಮಗಳ ಮನೆ ಸೇರಿದಳು. ಜಾಗ ಸಿಕ್ಕಿತು, ಆದರೆ ಅವಳ ಓಣಿಯವರೆಲ್ಲ ಇದ್ದ ಕೇಂದ್ರದಲ್ಲಲ್ಲ. ಅದು ಆಗಲೇ ತುಂಬಿತ್ತು. ಬೀಳಗಿ ಹತ್ತಿರದ ಬೇರೊಂದು ಕೇಂದ್ರದಲ್ಲಿ, ಗುರುತಿಲ್ಲದ ಜನರ ನಡುವೆ, ಅವಳಿಗೊಂದು ನಿವೇಶನದ ನಂಬರು ಕೊಟ್ಟರು. ಮೊದಲ ಅರ್ಜಿ ಸರಿಯಾಗಿದ್ದರೆ ತನ್ನವರ ನಡುವೆಯೇ ಇರುತ್ತಿದ್ದಳೋ ಏನೋ. ಇದನ್ನು ನಾನು ಎಷ್ಟೋ ಸಲ ಲೆಕ್ಕ ಹಾಕಿದ್ದೇನೆ. ಪ್ರತಿಸಲ ಬರುವ ಉತ್ತರ ಒಂದೇ: ಇರುತ್ತಿದ್ದಳು.

ವಕೀಲರು ಕೆಲಸ ನಿಲ್ಲಿಸಿದ ಮೇಲೆ ನಾನು ರಬಕವಿಯ ಒಂದು ಖಾಸಗಿ ಶಾಲೆಯಲ್ಲಿ ಇಂಗ್ಲಿಷ್ ಕಲಿಸತೊಡಗಿದೆ. ಪ್ರಬಂಧಕ್ಕೆ ದೊಡ್ಡ ಶಬ್ದ ಕೊಡಿರಿ ಟೀಚರ್ ಎಂದು ಮಕ್ಕಳು ಕೇಳುತ್ತಿದ್ದರು. ಕೊಡುತ್ತಿದ್ದೆ. ಎಲ್ಲ ಅರ್ಥಗಳನ್ನೂ ಬರೆಸಿಯೇ ಕೊಡುತ್ತಿದ್ದೆ.

ಹತ್ತು ವರ್ಷದ ಮೇಲೆ ಒಮ್ಮೆ ಮುಧೋಳದ ಬಸ್‌ಸ್ಟ್ಯಾಂಡಿನಲ್ಲಿ ಅವಳು ಸಿಕ್ಕಳು. ಬೆನ್ನು ಬಾಗಿತ್ತು, ಜೊತೆಗೆ ಮೊಮ್ಮಗಳಿದ್ದಳು. ನಾನೇ ಗುರುತು ಹೇಳಬೇಕಾಯಿತು.

"ಹೆಂಗದೀರಿ ಆಯಿ? ಹೊಸಾ ಊರು ಹೊಂದೈತೇನ?"

"ಹೊಂದೇತವ್ವಾ. ಮೊದಲ ಎರಡು ವರ್ಷ ಯಾರೂ ಮಾತಾಡ್ಸಲಿಲ್ಲ. ಈಗ ಬಾಜೂಮನಿ ಸಾಬರ ಹೆಣ್ಮಗಳು ದಿನಾ ಬರ್ತಾಳ. ಇಬ್ರೂ ಕೂಡಿ ಶಾವಿಗಿ ಮಾಡ್ತೀವಿ." ಬುತ್ತಿ ಬಿಚ್ಚಿ ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿ ನನ್ನ ಕೈಗಿಟ್ಟಳು. "ಉಣ್ಣು. ಸೊರಗೀದಿ."

ಬೆಂಚಿನ ಮೇಲೆ ಅವಳ ಪಕ್ಕ ಕೂತು ರೊಟ್ಟಿ ತಿಂದೆ. ಚಟ್ನಿ ಖಾರವಾಗಿತ್ತು, ಮೂಗಿನಲ್ಲಿ ನೀರು ಬಂತು. ಮೊಮ್ಮಗಳು ಬಾಟಲಿ ಮುಂದೆ ಹಿಡಿದಳು. ಅಷ್ಟರಲ್ಲಿ ಬೀಳಗಿ ಬಸ್ಸು ಬಂತು. ನಾನು ಮುದುಕಿಯ ಕೈ ಹಿಡಿದು ಹತ್ತಿಸಿ, ಕಿಟಕಿಯ ಪಕ್ಕ ಜಾಗ ಸಿಗುವವರೆಗೆ ಕೆಳಗೆ ನಿಂತಿದ್ದೆ.