ಅತ್ತೆಯ ಕಣ್ಣಿನ ಹಳದಿ

ನೆನೆಸಿಟ್ಟ ಕಡಲೆಬೇಳೆಯ ಬಣ್ಣ ನಮ್ಮತ್ತೆಯ ಕಣ್ಣಿಗೆ. ಕೆಲವು ದಿನ ತಿಳಿ, ಕೆಲವು ದಿನ ಗಾಢ. ಅದನ್ನು ಮರೆಸಲು ಮುಂಜಾನೆ ಮುಖಕ್ಕೆ ದಪ್ಪಗೆ ಅರಿಶಿಣ ಹಚ್ಚುತ್ತಿದ್ದಳು. ನೋಡಿದವರು ಅರಿಶಿಣವೇ ಕಣ್ಣಿಗೆ ಇಳಿದಿದೆ ಅಂದುಕೊಳ್ಳಲಿ ಎಂದು. ಯಾರೂ ಹಾಗಂದುಕೊಳ್ಳಲಿಲ್ಲ. ಕಾಮಾಲೆಗೆ ನಮ್ಮ ಕಡೆ ಕಾಮಣಿ ಅನ್ನುತ್ತಾರೆ; ಮಸ್ಕಿಯ ನಮ್ಮ ಓಣಿಗೆ ಆಕೆ ‘ಕಾಮಣಿ ಅಕ್ಕ’.

ಅಪ್ಪನ ಅಕ್ಕ ಆಕೆ. ಹರೆಯದಲ್ಲಿ ನೋಡಲು ಬಂದವರು ಕಣ್ಣು ಕಂಡು, ಕೊಟ್ಟ ಚಹಾ ಅರ್ಧಕ್ಕೇ ಬಿಟ್ಟು ಎದ್ದಿದ್ದರಂತೆ. ಆಮೇಲೆ ಮನೆಯವರು ಯಾರನ್ನೂ ಕರೆಸಲಿಲ್ಲ. ನಾಟಿ ವೈದ್ಯರೊಬ್ಬರು ಹೇಳಿದ ಪಥ್ಯ ಮಾತ್ರ ಉಳಿಯಿತು: ಎಣ್ಣೆ ಇಲ್ಲ, ಖಾರ ಇಲ್ಲ. ಆಕೆ ಉಣ್ಣುವ ಗಂಗಾಳ ಬೇರೆ, ನೀರು ಕುಡಿಯುವ ಚರಿಗೆ ಬೇರೆ. ನಾವು ಮಕ್ಕಳು ಮರೆತು ಮುಟ್ಟಿದರೆ ತಾನೇ ಗದರುವಳು: “ಬಿಡಬೇ, ಅಂಟತೈತಿ.” ಒಲೆಯ ಮುಂದೆ ಕೂತು ಎಲ್ಲರಿಗೂ ರೊಟ್ಟಿ ಬಡಿಯುತ್ತ, ಬಾಯಿಗಿಡದ ಪುಂಡಿಪಲ್ಯದ ವಾಸನೆ ಹಿಡಿದೇ “ಉಪ್ಪು ಕಮ್ಮಿ ಆಗೈತಿ ನೋಡ್ರಿ” ಅನ್ನುವಳು. ಹೆಚ್ಚಾಗಿ ಸರಿಯೇ ಇರುತ್ತಿತ್ತು.

ಶ್ರಾವಣದ ಸೋಮವಾರಗಳಂದು ಹನಿ ನೀರೂ ಮುಟ್ಟದ ಉಪವಾಸ. “ಶಿವ ಒಂದಿನ ನನ್ನ ಕಣ್ಣು ತೊಳೀತಾನ” ಎಂಬ ನಂಬಿಕೆ. ಸಂಜೆಯ ಹೊತ್ತಿಗೆ ಹಳದಿ ಇನ್ನಷ್ಟು ಏರಿರುತ್ತಿತ್ತು. ಅಜ್ಜಿ ಅದನ್ನು ನೋಡಿ, “ರೋಗ ಹೊರಗ ಬೀಳಾಕತ್ತೈತಿ, ನಾಳೆನೂ ಹಿಡಿ” ಅನ್ನುವಳು. ಅತ್ತೆ ಮಂಗಳವಾರವೂ ಹಿಡಿಯುವಳು.

ತೊಂಬತ್ತರ ದಶಕ. ನನಗೆ ಗಂಡು ನೋಡುತ್ತಿದ್ದ ವರ್ಷ ನಾನೂ ಆಕೆಯ ಜೊತೆ ಉಪವಾಸ ಹಿಡಿದೆ. ನನ್ನ ಕಣ್ಣೂ ಹಳದಿಯಾದವು. ಅವ್ವ ಬಾಯಿ ಬಡಿದುಕೊಂಡಳು: “ಅಂಟಿಸಿಬಿಟ್ಯಲ್ಲ ನನ್ನ ಮಗಳಿಗೆ!” ಅತ್ತೆ ತನ್ನ ಹಾಸಿಗೆ ಎತ್ತಿಕೊಂಡು ದನದ ಕೊಟ್ಟಿಗೆಯ ಪಕ್ಕಕ್ಕೆ ಹೋದಳು.

ಅಪ್ಪ ನನ್ನನ್ನು ಸಿಂಧನೂರಿನ ಡಾಕ್ಟರ ಹತ್ತಿರ ಕರೆದೊಯ್ದ. ಅದೇ ಬಸ್ಸಿನಲ್ಲಿ ಅತ್ತೆಯೂ ಬಂದಳು, ಹಿಂದಿನ ಸೀಟಿನಲ್ಲಿ, ನಮಗೆ ತಾಗದಂತೆ. ಬಾಗಿಲಲ್ಲೇ ನಿಂತವಳನ್ನು ಡಾಕ್ಟರು ಒಳಗೆ ಕರೆದು ಆಕೆಯ ರಕ್ತವನ್ನೂ ತೆಗೆಸಿದರು. ಸಂಜೆ ಹೇಳಿದರು: “ರಕ್ತದಾಗಿನ ಹಳೇ ಕಣ ಒಡದಾಗ ಒಂದು ಹಳದಿ ಹುಟ್ಟತೈತಿ. ಬಿಲಿರುಬಿನ್ ಅಂತಾರ. ಲಿವರ್ ಅದನ್ನ ಹೊರಗ ಹಾಕಬೇಕು. ನಿಮ್ಮಿಬ್ಬರದೂ ಹುಟ್ಟಿನಿಂದ ಜರಾ ನಿಧಾನ. ಒಂದರ ಆಸುಪಾಸು ಇರಬೇಕಾದ್ದು ಎರಡು ದಾಟೈತಿ, ಅಷ್ಟ. ಲಿವರಿನ ಬಾಕಿ ತಪಾಸಣಿ ಎಲ್ಲಾ ಸರಿ ಅದಾವ. ಹಸದ್ರ ಇದು ಏರತೈತಿ. ಉಪವಾಸ ಬಿಡ್ರಿ, ಹೊಟ್ಟಿತುಂಬ ಉಣ್ರಿ.”

“ಅಂಟಂಗಿಲ್ಲೇನ್ರಿ?” ಅಂದಳು ಅತ್ತೆ.

“ರೋಗನ ಅಲ್ಲವ್ವಾ, ಏನು ಅಂಟತೈತಿ?”

ಆಕೆ ಇನ್ನೊಮ್ಮೆ ಅದನ್ನೇ ಕೇಳಿದಳು. ಅಪ್ಪ ಕಿಟಕಿಯ ಕಡೆ ನೋಡುತ್ತಿದ್ದ. ಬಸ್‌ ಸ್ಟ್ಯಾಂಡಿನಲ್ಲಿ ಅತ್ತೆ ಒಂದು ಮಿರ್ಚಿ ಭಜಿ ತಿಂದಳು. ಕಣ್ಣಲ್ಲಿ ನೀರು ಬಂತು. “ಭಾಳ ಖಾರ ಐತಿ ಬಿಡು” ಎಂದು ಸೆರಗಿನಿಂದ ಒರೆಸಿಕೊಂಡಳು.

ಮರುವರ್ಷ ಲಿಂಗಸುಗೂರಿನವರು ನನ್ನನ್ನು ನೋಡಲು ಬಂದರು. ಡಾಕ್ಟರು ಹೇಳಿದ್ದು ಗೊತ್ತಿದ್ದೂ ಅವ್ವ ನನ್ನ ಮುಖಕ್ಕೆ ಅರಿಶಿಣ ಬಳಿದು, “ಕಣ್ಣು ಎತ್ತಬ್ಯಾಡ” ಅಂದಳು. ಅತ್ತೆಗೆ ಒಳಗೇ ಇರಲು ಹೇಳಿದಳು. ಆದರೆ ಚಹಾದ ತಾಟು ಹಿಡಿದು ಬಂದವಳು ಅತ್ತೆಯೇ. ತಾಟು ಇಟ್ಟು, ಹುಡುಗನ ತಾಯಿಯ ಎದುರಿಗೇ ಕೂತಳು.

“ಯವ್ವಾ, ನನ್ನ ಕಣ್ಣು ನೋಡ್ರಿ. ಹಸದಾಗ ನಮ್ಮ ಹುಡುಗಿ ಕಣ್ಣೂ ಹಿಂಗ ಆಕ್ಕಾವ. ಡಾಕ್ಟರು ನೋಡ್ಯಾರ, ರೋಗ ಅಲ್ಲ. ಇವತ್ತು ಮುಚ್ಚಿ ಕೊಟ್ರ, ನಾಳೆ ನಿಮ್ಮ ಮನ್ಯಾಗ ಇಕಿ ಗಂಗಾಳ ಬ್ಯಾರೆ ಆಕ್ಕೈತಿ.”

ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಆ ಹೆಂಗಸು ನನ್ನನ್ನೂ ಆಕೆಯನ್ನೂ ನೋಡಿ ಕೇಳಿದರು: “ರೋಗ ಅಲ್ಲಂದ್ರ, ನಿಮ್ಮದು ಯಾಕ ಲಗ್ನ ಆಗಲಿಲ್ರಿ?”

“ನನ್ನ ರಕ್ತ ತಪಾಸ ಮಾಡ್ಸಿದ್ದು ಹೋದ ವರ್ಷ ರೀ.”

ಅಪ್ಪ ಚಾಪೆಯ ಎಳೆ ಕೀಳುತ್ತ ಕೂತ. ಕೊನೆಗೆ ಹುಡುಗನ ತಾಯಿಯೇ ನಕ್ಕು, “ಹಂಗಾರ ಇಕಿ ಉಪಾಸ ಹಿಡಿಯಂಗಿಲ್ಲ, ಸೋಮಾರನೂ ನನಗ ಅಡಿಗಿ ತಪ್ಪಂಗಿಲ್ಲ ಅನ್ರಿ” ಅಂದರು. ಲಗ್ನ ನಿಕ್ಕಿಯಾಯಿತು.

ಅತ್ತೆ ಕೆಲವು ವರ್ಷಗಳ ಮೇಲೆ ನಿದ್ದೆಯಲ್ಲೇ ಎದೆಬಡಿತ ನಿಂತು ತೀರಿಕೊಂಡಳು. ಇಲ್ಲಿ ಗಂಡನ ಮನೆಯಲ್ಲಿ, ಶ್ರಾವಣದ ಸೋಮವಾರ ಎಲ್ಲರೂ ಉಪವಾಸವಿದ್ದಾಗ ನಾನೊಬ್ಬಳೇ ಉಣ್ಣುತ್ತೇನೆ. ಮಸ್ಕಿಯಿಂದ ಸಿಂಧನೂರಿಗೆ ಬಸ್ಸಿನಲ್ಲಿ ಒಂದು ತಾಸಿನ ಹಾದಿ. ನನ್ನ ಕಣ್ಣು ಹಳದಿಯಾದ ವಾರವೇ ಅಪ್ಪ ಆ ಬಸ್ಸು ಹತ್ತಿದ. ಆಕೆಗಾಗಿ ನಮ್ಮ ಮನೆಯಲ್ಲಿ ಯಾರೂ ಹತ್ತಿರಲಿಲ್ಲ.