ಯದುಲ್ಲಾ ನೋಡದೆ ಹೋದ ಅರ್ಧ

ಇಶ್ರತ್ ಖಾನಂಗೆ ಸಿನಿಮಾ ಹುಚ್ಚೇನೂ ಇರಲಿಲ್ಲ. ಹುಚ್ಚಿನವರು ಬೇರೆ ಇದ್ದರು. ನಟರ ಚಿತ್ರ ಕತ್ತರಿಸಿ ಹಾಸಿಗೆ ಕೆಳಗೆ ಇಟ್ಟುಕೊಳ್ಳುತ್ತಿದ್ದರು. ಇವಳು ವಾರಕ್ಕೊಂದು ನೋಡುವವಳು. ಊಟ ಆಗಿರಬೇಕು, ಚಹಾ ಕೈಗೆ ಎಟುಕಬೇಕು, ಹುರಿದ ಕಲ್ಲಂಗಡಿ ಬೀಜದ ತಟ್ಟೆ ಮಡಿಲಲ್ಲಿರಬೇಕು. ಆಮೇಲೆ ಬೈಯಲು ಒಂದು ಸಿನಿಮಾ ಬೇಕು.

ಬೈಯುವುದರಲ್ಲಿ ಯಾರಿಗೂ ರಿಯಾಯಿತಿ ಇಲ್ಲ. ನಾಯಕಿ ನಿದ್ದೆಯಿಂದ ಎದ್ದಾಗಲೂ ಕಣ್ಣ ಕಾಡಿಗೆ ಕದಡದೆ ಇದ್ದರೆ, "ಇವಳು ನಿಂತ್ಕೊಂಡೇ ಮಲಗಿದ್ಲಾ?" ಗುಂಡೇಟು ತಿಂದವನು ಸಾಯದೆ ಭಾಷಣಕ್ಕಿಳಿದರೆ, "ಸಾಯೋ ಮಹರಾಯ, ಚಹಾ ಆರ್ತಿದೆ." ಕಿಟಕಿಯಾಚೆ ನೋಡುತ್ತ ಮಾತೇ ಆಡದ ಗಂಡಸರ ಸಿನಿಮಾ ಬಂದರೆ ಎದ್ದು ಹೋಗಿ ಪಾತ್ರೆ ತೊಳೆಯುತ್ತಿದ್ದಳು. ಗಂಡ ಯದುಲ್ಲಾ ನಗುತ್ತಿದ್ದ. ಅವನು ಸಿಟಿ ಬಸ್ಸು ಓಡಿಸಿ ನಿವೃತ್ತನಾದವನು. ಬೈಗುಳ ಕೇಳಿ ಅಭ್ಯಾಸ.

ಅವಳ ನಿಜವಾದ ಸಿಟ್ಟು ಇದ್ದದ್ದು ಕ್ಯಾಸೆಟ್ಟಿನವನ ಮೇಲೆ.

ಯುದ್ಧ ಮುಗಿದಿತ್ತು, ಆದರೆ ಮನೆಯಲ್ಲಿ ವೀಡಿಯೋ ಕೂಡದು ಅನ್ನುವ ಸರ್ಕಾರದ ಮಾತು ಹಾಗೇ ಇತ್ತು. ಬಾಡಿಗೆ ಅಂಗಡಿಗಳು ಬಾಗಿಲು ಹಾಕಿದ್ದವು. ತೆಹ್ರಾನಿನಲ್ಲಿ ಯಾರ ಮನೆಯ ಹಾಸಿಗೆ ಸುರುಳಿ ಬಿಚ್ಚಿದರೂ ಒಳಗೊಂದು ಯಂತ್ರ ಸಿಗುತ್ತಿತ್ತು. ಕ್ಯಾಸೆಟ್ಟಿನ ಫರಾಮರ್ಜ್ ವಾರಕ್ಕೊಮ್ಮೆ ಮೋಟಾರ್ ಸೈಕಲ್ಲಿನಲ್ಲಿ ಓಣಿಗೆ ಬರುತ್ತಿದ್ದ. ಕತ್ತಿನ ತನಕ ಗುಂಡಿ ಹಾಕಿದ ಅಂಗಿ, ಕೈಯಲ್ಲಿ ಕರಿ ಸೂಟ್‌ಕೇಸು. ನೋಡಿದವರು ವಿಮೆಯವನು ಅಂದುಕೊಳ್ಳಬೇಕು. ಒಳಗೆ ಬಂದು, ಚಪ್ಪಲಿ ಬಿಟ್ಟು, ಚಹಾ ಕುಡಿದು, ಆಮೇಲೆ ಸೂಟ್‌ಕೇಸು ತೆರೆಯುತ್ತಿದ್ದ.

"ಇದು ಅಪೂರ್ವ, ಖಾನಂ. ಇದೂ ಅಪೂರ್ವ. ಇದಂತೂ..."

"ಹೋದ ವಾರದ್ದೂ ಅಪೂರ್ವ ಅಂದಿದ್ದೆ. ನಟ್ಟನಡುವೆ ಯಾರದೋ ಮದುವೆ ವೀಡಿಯೋ ಬಂತು. ಮದುಮಗ ಕೇಕ್ ಕತ್ತರಿಸಿ ಹೋದ್ಮೇಲೆ ಕಳ್ಳ ಸಿಕ್ಕಿಬಿದ್ದ."

"ಮದುವೆ ಚೆನ್ನಾಗಿತ್ತಲ್ಲ ಖಾನಂ?"

"ತರಕಾರಿಯವನು ಬದನೆಕಾಯಿ ಮುಟ್ಟಿ ನೋಡೋಕೆ ಬಿಡ್ತಾನೆ. ನೀನು ಹೆಸರೂ ಹೇಳಲ್ಲ. ನೀನು ತಂದದ್ದನ್ನೇ ನಾವು ನೋಡ್ಬೇಕು. ಅದೂ ನಕಲಿನ ನಕಲಿನ ನಕಲು. ಪರದೆ ತುಂಬ ಇರುವೆ ಹಾಗೆ ಚುಕ್ಕಿ."

ಹೀಗೆ ಬೈದು ಒಂದು ಇಟ್ಟುಕೊಳ್ಳುವಳು. ಅದನ್ನು ಎರಡು ಸಂಜೆ ನೋಡಬೇಕು ಎನ್ನುವುದು ಯದುಲ್ಲಾನ ಕಟ್ಟಳೆ. ಅರ್ಧ ಇವತ್ತು, ಅರ್ಧ ನಾಳೆ. ಕೊಟ್ಟ ದುಡ್ಡಿಗೆ ಎರಡು ದಿನದ ಸಂತೋಷ ಅನ್ನುತ್ತಿದ್ದ. ಇಶ್ರತ್‌ಗೆ ಮೈ ಉರಿಯುತ್ತಿತ್ತು. ಅರ್ಧ ಬೆಂದ ಅನ್ನವನ್ನು ಯಾರಾದರೂ ನಾಳೆಗೆ ಅಂತ ಇಳಿಸುತ್ತಾರಾ?

ಆ ಕೊನೆಯ ವಾರ ಬಂದದ್ದು ಹಳೇ ಪತ್ತೇದಾರಿ ಸಿನಿಮಾ. ಹಿಮ ಬಿದ್ದ ಊರಿನ ಒಂದು ಹೋಟೆಲು. ಅಲ್ಲೊಬ್ಬ ಶ್ರೀಮಂತ ಮುದುಕ ಕೊಲೆಯಾಗಿ ಬಿದ್ದಿದ್ದಾನೆ. ಹೆಂಡತಿ ಇದ್ದಾಳೆ, ಅಳಿಯ ಇದ್ದಾನೆ, ವೈದ್ಯ ಇದ್ದಾನೆ, ಅಡುಗೆಯವಳೂ ಇದ್ದಾಳೆ. ಎಲ್ಲರ ಮೇಲೂ ಗುಮಾನಿ. ಸರಿಯಾಗಿ ಅರ್ಧಕ್ಕೆ ಯದುಲ್ಲಾ ಯಂತ್ರ ನಿಲ್ಲಿಸಿದ.

"ನಂಗೆ ಗೊತ್ತಾಯ್ತು, ಯಾರು ಕೊಂದಿದ್ದು ಅಂತ."

"ಯಾರು?"

"ನಾಳೆ ಹೇಳ್ತೀನಿ."

"ಈಗ ಹೇಳಿದ್ರೆ ನಿಮ್ಮ ಗಂಟೇನು ಹೋಗುತ್ತೆ?"

"ಹೇಳಿದ್ರೆ ನಂಗೂ ಹಾಗೇ ಅನ್ನಿಸಿತ್ತು ಅಂತೀಯ. ಮದುವೆಯಾದಾಗಿಂದ ನೋಡ್ತಿದೀನಲ್ಲ."

ಹಾಗಂದು ಮಲಗಿದ. ಬೆಳಿಗ್ಗೆ ರೊಟ್ಟಿಯಂಗಡಿಯ ಸಾಲಿನಲ್ಲಿ ನಿಂತವನು ನಿಂತಲ್ಲೇ ಕುಸಿದ. ಮನೆಗೆ ಅವನನ್ನು ಹೊತ್ತು ತಂದರು. ರೊಟ್ಟಿಯನ್ನೂ ಯಾರೋ ತಂದರು, ಇನ್ನೂ ಬಿಸಿಯಿತ್ತು.

ಸಾವಿನ ಮನೆಯಲ್ಲಿ ಜನ ತುಂಬಿದರು. ಖರ್ಜೂರ ಹಂಚಿದರು, ಹಲ್ವಾ ಹಂಚಿದರು. ಪ್ರಾರ್ಥನೆ ಓದಲು ಬಂದ ಮುಲ್ಲಾ ಗೋಡೆ ಬದಿಯ ಹಾಸಿಗೆ ಸುರುಳಿಗೆ ಒರಗಿ ಕೂತ. ಸುರುಳಿಯೊಳಗೆ ಯಂತ್ರ ಇತ್ತು, ಯಂತ್ರದೊಳಗೆ ಕೊಲೆ ಇತ್ತು. ಏಳನೆಯ ದಿನ ಫರಾಮರ್ಜ್ ಕೂಡ ಬಂದ. ಕಣ್ಣೊರೆಸಿಕೊಂಡ. ಮುಲ್ಲಾ ಎದ್ದು ಹೋಗುವ ತನಕ ಕೂತಿದ್ದು, ಆಮೇಲೆ ಬಾಗಿಲ ಬಳಿ ತಗ್ಗಿದ ದನಿಯಲ್ಲಿ, "ಖಾನಂ, ನನ್ನದೊಂದು ವಸ್ತು ಇತ್ತಲ್ಲ" ಅಂದ. ಅವಳ ತಲೆ ಮಂಕಾಗಿತ್ತು. ತೆಗೆದು ಕೊಟ್ಟುಬಿಟ್ಟಳು.

ಆಮೇಲೆ ಅವನು ಆ ಬಾಗಿಲಿಗೆ ಬರಲಿಲ್ಲ. ನಲವತ್ತನೆಯ ದಿನದ ಕಾರ್ಯ ಕಳೆಯಿತು. ಮೋಟಾರ್ ಸೈಕಲ್ಲು ಓಣಿಗೆ ಬರುವುದು ಕೇಳುತ್ತಿತ್ತು, ಅವಳ ಬಾಗಿಲು ದಾಟಿ ಹೋಗುವುದೂ ಕೇಳುತ್ತಿತ್ತು. ಗಂಡ ಸತ್ತವಳ ಮನೆ ದಾಟುವಾಗ ಎಲ್ಲರೂ ದನಿ ತಗ್ಗಿಸುತ್ತಾರೆ. ಅವನು ಗಾಡಿಯ ದನಿಯನ್ನೂ ತಗ್ಗಿಸುತ್ತಿದ್ದ. ಇಶ್ರತ್‌ಗೆ ಒಂದೇ ಯೋಚನೆ. ಯಾರು? ಅಳಿಯ ಅಂದುಕೊಂಡಿದ್ದನೋ, ವೈದ್ಯ ಅಂದುಕೊಂಡಿದ್ದನೋ? ಗೊತ್ತಾಯ್ತು ಅಂದನಲ್ಲ, ಏನು ಗೊತ್ತಾಗಿತ್ತು? ಗಂಡ ಬಿಟ್ಟುಹೋದ ಮಾತುಗಳಲ್ಲಿ ಮುಗಿಯದೆ ಉಳಿದದ್ದು ಅದೊಂದೇ. ಉಳಿದರ್ಧ ನೋಡಿದರೆ ಅದು ಮುಗಿಯುತ್ತದೆ.

ಒಂದು ಮಧ್ಯಾಹ್ನ ಚಾದರ ಹೊದ್ದು ಓಣಿಯಲ್ಲಿ ಅವನನ್ನು ಅಡ್ಡಗಟ್ಟಿದಳು.

"ಆ ಹೋಟೆಲಿನ ಸಿನಿಮಾ ತಾ."

ಫರಾಮರ್ಜ್ ಕಿವಿ ಮುಟ್ಟಿಕೊಂಡ. "ತೋಬಾ ತೋಬಾ! ಮೈಮೇಲಿನ ದುಃಖದ ಕಪ್ಪುಬಟ್ಟೆ ಇನ್ನೂ ಇಳಿದಿಲ್ಲ ಖಾನಂ. ಇಂಥ ಮನೆಗೆ ಸಿನಿಮಾ ತಂದ್ರೆ ದೇವರು ಮೆಚ್ತಾನಾ?"

"ಮೂಲೆಮನೆಗೆ ಹೊಕ್ಕುಳು ಕುಣಿಸೋ ಕ್ಯಾಸೆಟ್ಟು ಕೊಟ್ಯಲ್ಲ, ಆಗ ದೇವರು ಊರಿಗೆ ಹೋಗಿದ್ನಾ?"

"ಅವರ ಮನೇಲಿ ಯಾರೂ ಸತ್ತಿಲ್ಲ."

"ಸೂಟ್‌ಕೇಸ್ ತುಂಬ ಕಳ್ಳಮಾಲು, ಬಾಯಿ ತುಂಬ ಧರ್ಮ. ನಿಂಗಿಂತ ಆ ಮುಲ್ಲಾನೇ ವಾಸಿ, ಕೊನೇಪಕ್ಷ ಕ್ಯಾಸೆಟ್ಟಿಗೆ ಒರಗಿ ಕೂತಿದ್ದ!"

"ಬೈಯ್ರಿ ಖಾನಂ. ಯದುಲ್ಲಾ ಸಾಹೇಬ್ರ ಮುಖ ನೋಡಿ ಸುಮ್ನಿರ್ತೀನಿ. ಮನೇಲಿ ಹಿರಿಯರಿದ್ದಾರಲ್ಲ, ಅವರು ಹೂಂ ಅನ್ಲಿ, ನಾಳೇನೇ ತರ್ತೀನಿ."

ಹಿರಿಯರು ಅಂದರೆ ಗಂಡನ ಅಕ್ಕ ಅಕ್ದಸ್. ತಮ್ಮ ಸತ್ತ ದಿನ ಬಂದವಳು, ಒಂಟಿ ಹೆಂಗಸನ್ನು ಬಿಟ್ಟು ಹೋಗುವುದುಂಟಾ ಎಂದು ಉಳಿದಿದ್ದಳು. ಟಿವಿಯ ಮೇಲೆ ಕಪ್ಪು ಬಟ್ಟೆ ಹೊದಿಸಿದ್ದು ಅವಳೇ. ಇಶ್ರತ್ ಒಳಗೆ ಬಂದು ಚಾದರ ಎಸೆದು, ಇದ್ದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು.

"ಸಿನಿಮಾನಾ?" ಅಕ್ದಸ್ ಎದೆ ಹಿಡಿದುಕೊಂಡಳು. "ಗಂಡನ ಮಣ್ಣು ಒಣಗಿಲ್ಲ, ಇವಳಿಗೆ ಸಿನಿಮಾ! ಓಣಿಯವರು ಏನಂದಾರು?"

"ಓಣಿಯವರ ಜೊತೆ ನಾನು ಬಾಳಿಲ್ಲ ಅತ್ತಿಗೆ. ನಿಮ್ಮ ತಮ್ಮನ ಜೊತೆ ಬಾಳ್ದೆ. ಅವರು ಗೊತ್ತಾಯ್ತು ಅಂದ್ರು, ನಾಳೆ ಹೇಳ್ತೀನಿ ಅಂದ್ರು. ನಂಗೆ ಆ ನಾಳೆ ಬೇಕು."

ಅಕ್ದಸ್ ಸಕ್ಕರೆ ಗಡ್ಡೆ ಹಲ್ಲಿಗಿಟ್ಟು ಚಹಾ ಹೀರಿದಳು. ಲೋಟ ಖಾಲಿಯಾಯಿತು.

"ಯಾರ್ಯಾರಿದ್ರು ಅಂದೆ?"

"ಹೆಂಡತಿ, ಅಳಿಯ, ವೈದ್ಯ, ಅಡುಗೆಯವಳು."

"ಅಡುಗೆಯವಳೇ ಇರ್ಬೇಕು." ಇನ್ನೊಂದು ಲೋಟ ಬಗ್ಗಿಸಿಕೊಂಡಳು. "ನೋಡು, ಇದು ಮೋಜಲ್ಲ. ಸತ್ತವನ ಮಾತು ನಡುವೆ ನಿಲ್ಬಾರದು. ಕರೆಸು ಆ ದರಿದ್ರದವನನ್ನ. ಕಿಟಕಿ ಮುಚ್ಚು. ಬೀಜ ಗೀಜ ತಿನ್ನೋದು ಮಾತ್ರ ಕೂಡದು."

ಫರಾಮರ್ಜ್ ಮರುದಿನ ತಂದ. ಅಕ್ದಸ್ ಅವನನ್ನು ಹೋಗಲು ಬಿಡಲಿಲ್ಲ. ಹೊರಗೆ ಹೋಗಿ ಬಾಯಿ ಬಿಟ್ಟಾನು ಎಂದು ಬಾಗಿಲ ಬಳಿ ಕೂರಿಸಿದಳು. ಕಪ್ಪು ಬಟ್ಟೆ ಸರಿಸಿದರು. ಯದುಲ್ಲಾ ನಿಲ್ಲಿಸಿದ್ದ ಜಾಗದ ತನಕ ಇಶ್ರತ್ ಕ್ಯಾಸೆಟ್ಟು ಓಡಿಸಿದಳು. ಅಲ್ಲಿಂದ ಮುಂದೆ ಇಬ್ಬರು ಹೆಂಗಸರೂ ಬೆರಳು ಮಡಿಸುತ್ತ ನೋಡಿದರು.

ಅಳಿಯ ಅಲ್ಲ. ವೈದ್ಯ ಅಲ್ಲ. ಹೆಂಡತಿ ಅತ್ತಳು, ಅವಳೂ ಅಲ್ಲ, ಅಡುಗೆಯವಳೂ ಅಲ್ಲ. ಕೊನೆಗೆ ಪೋಲೀಸರು ಒಬ್ಬನ ಕೈಗೆ ಬೇಡಿ ಹಾಕಿದರು. ಹೋಟೆಲಿಗೆ ಸೌದೆ ತರುವವನು. ಅವನು ತೆರೆಯ ಮೇಲೆ ಬಂದು ಚಹಾ ಆರುವಷ್ಟು ಹೊತ್ತೂ ಆಗಿರಲಿಲ್ಲ.

ಇಶ್ರತ್ ಎದ್ದು ನಿಂತಳು.

"ಇವನ್ಯಾವನು? ಎಲ್ಲಿದ್ದ ಇಷ್ಟು ಹೊತ್ತು? ಮೊದಲರ್ಧದಲ್ಲಿ ಇಲ್ಲದವನನ್ನ ತಂದು ಕೊಲೆಗಾರ ಅಂದ್ರೆ ಅದು ಸಿನಿಮಾನಾ, ಮೋಸಾನಾ?" ಫರಾಮರ್ಜ್ ಕಡೆ ತಿರುಗಿದಳು. "ಅಪೂರ್ವ ಅಂದ್ಯಲ್ಲೋ!"

"ನಾನೇನು ತೆಗೆದ್ನಾ ಖಾನಂ ಸಿನಿಮಾನ?"

ಅವಳು ಕೇಳಿಸಿಕೊಳ್ಳಲಿಲ್ಲ. ಇನ್ನೊಂದು ಹೊಳೆದಿತ್ತು.

"ಮೊದಲರ್ಧದಲ್ಲಿ ಅವನೇ ಇಲ್ಲ ಅಂದ್ಮೇಲೆ ಇವರಿಗೆ ಹೇಗೆ ಗೊತ್ತಾಯ್ತು?" ಗೋಡೆಯ ಮೇಲಿನ ಫೋಟೋಕ್ಕೆ ಕೈ ತೋರಿಸಿದಳು. "ಏನೂ ಗೊತ್ತಾಗಿರ್ಲಿಲ್ಲ! ಸುಳ್ಳು ಬಿಟ್ರು ನಂಗೆ. ನಾಳೆ ಹೇಳ್ತೀನಂತೆ! ಅದನ್ನೇ ಎದೇಲಿಟ್ಕೊಂಡು ನಾನು ನಿದ್ದೆ ಇಲ್ದೆ..."

ಅಳು ಬಂತು. ಸತ್ತ ದಿನವೂ ಹಾಗೆ ಅತ್ತಿರಲಿಲ್ಲ, ಆ ದಿನ ಜನ ಇದ್ದರು. ಸಿಟ್ಟಿನ ಅಳು. ಫರಾಮರ್ಜ್ ಚಪ್ಪಲಿ ನೋಡುತ್ತ ಕೂತ.

"ಬಾಯಿ ಮುಚ್ಚು," ಅಂದಳು ಅಕ್ದಸ್. "ನನ್ನ ತಮ್ಮ ಸುಳ್ಳ ಅಲ್ಲ."

"ಮತ್ತೇನು?"

"ಸೌದೆ ತರೋವನು ದಿನಾ ಬರ್ತಾನೆ. ಮೊದಲೂ ಬಂದಿರ್ಬೇಕು. ಮೂಲೇಲಿ, ಬಾಗಿಲ ಸಂದೀಲಿ. ನಿನ್ನ ಕಣ್ಣಿಗೆ ಬಿದ್ದಿಲ್ಲ, ಅವನ ಕಣ್ಣಿಗೆ ಬಿದ್ದಿದೆ. ಬಸ್ಸು ಓಡಿಸಿದ ಕಣ್ಣು ಅದು, ಹಿಂದೆ ಯಾರು ಹತ್ತಿದ್ರೂ ತಿಳೀತಿತ್ತು. ಮೊದಲಿಂದ ಹಾಕು."

"ಹಾಜಿ ಖಾನಂ, ಇನ್ನೊಂದು ಮನೇವರು ಕಾಯ್ತಿದ್ದಾರೆ," ಎಂದು ಅಕ್ದಸ್‌ಗೆ ಹೇಳಿದ ಫರಾಮರ್ಜ್.

"ಕೂತ್ಕೊಳೋ!" ಇಬ್ಬರೂ ಒಟ್ಟಿಗೆ ಗದರಿದರು.

ಇಶ್ರತ್ ಮೂಗೊರೆಸಿಕೊಂಡು ಮೊದಲಿಂದ ಹಾಕಿದಳು. ಇಬ್ಬರೂ ಟಿವಿಗೆ ಮುಖ ತಾಗಿಸುವಷ್ಟು ಹತ್ತಿರ ಕೂತರು. ಮುದುಕನ ಮುಖ, ಅಳಿಯನ ಮುಖ ಈಗ ಯಾರಿಗೂ ಬೇಡ. ಹಿಂದಿನ ಗೋಡೆ ನೋಡಿದರು, ಕಿಟಕಿ ನೋಡಿದರು. ಅಡುಗೆಮನೆಯ ಬಾಗಿಲಾಚೆ ಏನೋ ಕಪ್ಪಗೆ ಸರಿದು ಹೋಯಿತು.

"ಅಗೋ! ನಿಲ್ಸು!"

"ಅದು ಕುದುರೆ ಅತ್ತಿಗೆ."

"ಕುದುರೆ ಬೆನ್ನ ಮೇಲೆ ಸೌದೆ ಇರುತ್ತಾ? ಸರಿಯಾಗಿ ನೋಡು."

ಇಶ್ರತ್ ನೋಡಿದಳು. ಕುದುರೆಯೂ ಆಗಬಹುದು, ಹೊರೆ ಹೊತ್ತವನೂ ಆಗಬಹುದು. ತೆರೆ ತುಂಬ ಇರುವೆ ಹರಿಯುತ್ತಿತ್ತು.

"ಇದು ಕ್ಯಾಸೆಟ್ಟಾ? ಇದಕ್ಕೆ ದುಡ್ಡು ತಗೋತೀಯಾ?" ಅವಳು ತಿರುಗದೆಯೇ ಕೂಗಿದಳು. "ಗಂಡಸೋ ಕುದುರೆಯೋ ಗೊತ್ತಾಗದ ಕ್ಯಾಸೆಟ್ಟು! ಇದರ ಒಳ್ಳೇ ಪ್ರತಿ ತಾ."

"ತೆಹ್ರಾನಲ್ಲಿ ಇದೊಂದೇ ಇರೋದು ಖಾನಂ."

"ತಬ್ರೀಜ್‌ಗೆ ಹೋಗು. ಎಲ್ಲಿಗಾದ್ರೂ ಹೋಗು. ನೆಟ್ಟಗಿರೋದು ತಾ."

ಫರಾಮರ್ಜ್ ಸೂಟ್‌ಕೇಸು ಕಾಲಡಿಗೆ ತಳ್ಳಿ ಗೋಡೆಗೆ ಒರಗಿದ. ಇಶ್ರತ್ ಗುಂಡಿ ಒತ್ತಿ ಹಿಂದಕ್ಕೆ ಓಡಿಸಿದಳು, ಮತ್ತೆ ಆ ಅಡುಗೆಮನೆಯ ಬಾಗಿಲ ತನಕ ಬಂದು ನಿಲ್ಲಿಸಿದಳು.