ಹೆಸರು ಹೇಳದೆ ಹೊಗಳಿದ್ದು

ಗುಟ್ಟು ಕಾಪಾಡುವುದು ಮುಖ್ಯೋಪಾಧ್ಯಾಯನ ಪರಮ ಕರ್ತವ್ಯ. ನಾನದನ್ನು ಹದಿನೆಂಟು ವರ್ಷ ಪಾಲಿಸಿದೆ, ಏಕೆಂದರೆ ನನಗೆ ಯಾರೂ ಗುಟ್ಟು ಹೇಳಿರಲಿಲ್ಲ.

ಸೂಲಿಬೆಲೆ ಬಳಿಯ ನಮ್ಮ ಪ್ರೌಢಶಾಲೆಗೆ ಬಂದ ಕಂಪ್ಯೂಟರ್ ಮೇಡಂ ತಮ್ಮ ಫೋನನ್ನು ಮೇಜಿನ ಮೇಲೆ ಸದಾ ಬೋರಲಾಗಿಯೇ ಇಡುತ್ತಿದ್ದರು. ಇಂಟರ್‌ನೆಟ್ ಬಗ್ಗೆ ಮಕ್ಕಳಿಗೆ ದಿನಾ ಒಂದೇ ಮಾತು: "ಹೆಸ್ರು ಮುಚ್ಚಿಟ್ರೆ ಸಾಲ್ದು ಕಣ್ರಪ್ಪಾ. ಊರು, ಅಪ್ಪನ ಕೆಲ್ಸ ಹೇಳಿದ್ರೂ ಸಿಕ್ಕಾಕ್ಕೊಂಡಂಗೇ."

ಒಂಬತ್ತನೇ ತರಗತಿಯ ಹುಡುಗಿಯೊಬ್ಬಳನ್ನು ಯಾರೋ ಅವಳ ಫೋಟೋ ಇಟ್ಟುಕೊಂಡು ಫೋನಿನಲ್ಲಿ ಬೆದರಿಸುತ್ತಿದ್ದ. ಅವಳು ಮೇಡಂ ಬಳಿ ಹೇಳಿಕೊಂಡು ಅತ್ತಳು. ಮೇಡಂ ತಾಯಿಯನ್ನು ಕರೆಸಿ, ಪೊಲೀಸರಿಗೆ ದೂರು ಕೊಡಿಸಿ, ಅವನ ಕಾಟ ನಿಲ್ಲಿಸಿದರು. ನಿಯಮವೆಂದು ನನಗೂ ತಿಳಿಸಿದರು.

ಪೋಷಕರ ಸಭೆಯಲ್ಲಿ ನಾನು ಮೈಕು ಹಿಡಿದು, ಹೆಸರು ಹೇಳದೆ, ಬಹಳ ಜಾಗರೂಕತೆಯಿಂದ, ಫೋಟೋ ಬೆದರಿಕೆಗೆ ಬಗ್ಗದೆ ದೂರು ಕೊಟ್ಟ ಆ ಧೈರ್ಯವಂತೆಯನ್ನು ಹೊಗಳಿದೆ: ಕೆರೆಯಾಚೆ ಊರಿನವಳು, ತಂದೆ ಏರ್‌ಪೋರ್ಟಿನಲ್ಲಿ ಟ್ರಾಲಿ ತಳ್ಳುತ್ತಾರೆ.

"ಓ, ಡೈರಿ ಪಕ್ಕದ್ಮನೆ ಹುಡ್ಗೀನಾ ಸಾರ್?" ಎಂದಿತು ಹಿಂದಿನ ಸಾಲು.

ಹುಡುಗಿಯ ತಾಯಿ ಸೆರಗು ಎಳೆದುಕೊಂಡು ಎದ್ದು ಹೋದರು. ಮೇಡಂ ಬಂದು ಮೈಕಿನ ಸ್ವಿಚ್ಚು ಆರಿಸಿ, ನನಗೆ ಮಾತ್ರ ಕೇಳುವಂತೆ, "ನಿಮ್ಗೆ ಹೇಳಿದ್ದು ನನ್ದೇ ತಪ್ಪು ಸಾರ್" ಎಂದರು. ನಾನು ವಂದನಾರ್ಪಣೆಗೂ ನಿಲ್ಲಲಿಲ್ಲ.

ಸೋಮವಾರ ಹುಡುಗಿಯ ತಂದೆ ಬಂದು ಟಿ.ಸಿ. ಕೇಳಿದರು. ನಾನು ಸಹಿ ಹಾಕಿ ಕೊಟ್ಟೆ.